ಎರಡನೇ ಹಗ್ಗ

ಫೆಬ್ರವರಿ 6, 2018, ಮಂಗಳವಾರ

ಮಂಡಿಗೆ ಎಣ್ಣೆ ಹಚ್ಚಿದೆ. ಓಟ್ಸ್ ಗಂಜಿ ಕುಡಿದೆ. ದಿನದಂತೆ ಫುಟ್‌ಬಾಲ್ ಕ್ಲಬ್ಬಿನ ಮೈದಾನದವರೆಗೆ ನಡೆದೆ. ಬಾವುಟ ಅರ್ಧಕ್ಕೆ ಇಳಿದಿತ್ತು. ಟಿಕೆಟ್ ಕಿಟಕಿಯವಳು ಹೇಳಿದಳು — ಹಳೇ ಮ್ಯಾನೇಜರ್ ಹೆಕ್ಟರ್ ಹ್ಯಾಡೋ ತೀರಿಕೊಂಡನಂತೆ. ಎಂಬತ್ತೆಂಟು ವರ್ಷ. ನಿದ್ದೆಯಲ್ಲೇ.

ನಿದ್ದೆಯಲ್ಲಿ! ನನ್ನ ನಿದ್ದೆ ಕೆಡಿಸಿದವನಿಗೆ ಎಂಥ ಸುಖದ ಸಾವು.

ಅಕ್ಕ ಎಫಿ ಆಲೂಗಡ್ಡೆ ಸುಲಿಯುತ್ತಿದ್ದಳು. ಹೇಳಿದೆ.

"ಸತ್ತೋನ ಮೇಲೆ ಎಂಥ ಸಿಟ್ಟೋ ವಾಟಿ? ಬಿಟ್ಟಾಕು."

"ಬಿಡಲ್ಲ," ಅಂದೆ.

ಫೆಬ್ರವರಿ 8

ಬರೆದೇ ಬಿಡುತ್ತೇನೆ. 1974, ಮೇ. ಕಪ್ ಫೈನಲ್. ಗ್ಲೆನ್‌ಬರ್ನ್ ತಂಡದ ನಾಯಕ ನಾನು, ವಾಲ್ಟರ್ ಪರ್ಡಿ. ಮೈದಾನದ ನಡುಭಾಗ ನನ್ನದು. ಸ್ಕಾಟ್ಲೆಂಡ್ ಪರ ಹತ್ತೊಂಬತ್ತು ಪಂದ್ಯ ಆಡಿದ್ದೆ, ಪೇಪರಿನವರು ಹೊಗಳಿ ಅಟ್ಟಕ್ಕೇರಿಸಿದ್ದರು. ಮ್ಯಾನೇಜರ್ ಹ್ಯಾಡೋ ಹನ್ನೊಂದು ಹೆಸರು ಓದಿದ. ನನ್ನದಿಲ್ಲ. ಹಿಂದಿನ ದಿನ ಹುಡುಗರೆದುರು 'ಹ್ಯಾಡೋ ಹಾಕಿದ ಆಟದ ಲೆಕ್ಕಾಚಾರ ಸರಿಯಿಲ್ಲ' ಅಂದಿದ್ದೆ. ಅಷ್ಟೇ ನನ್ನ ತಪ್ಪು.

ಎರಡು ಗೋಲಿನಿಂದ ಸೋತೆವು. ಸಂಜೆ ಹ್ಯಾಡೋ ಪೇಪರಿನವರಿಗೆ ಹೇಳಿದ — "ಪರ್ಡಿ ಹೆದರ್ಕೊಂಡ. ನನ್ನನ್ನ ಬಿಟ್ಬಿಡಿ ಅಂತ ತಾನೇ ಕೇಳ್ದ."

ಶುದ್ಧ ಸುಳ್ಳು. ಸ್ಕಾಟ್ಲೆಂಡ್ ಮತ್ತೆ ಕರೆಯಲಿಲ್ಲ. ನಲವತ್ತನಾಲ್ಕು ವರ್ಷದಿಂದ ಜನ ಕೈ ಕುಲುಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ — "ಅವತ್ತು ನಿಜಕ್ಕೂ ಹೆದರ್ಕೊಂಡಿದ್ಯಾ?"

ಫೆಬ್ರವರಿ 9

ಅಂಚೆಯಲ್ಲಿ ಕಪ್ಪು ಅಂಚಿನ ಚೀಟಿ. ಶವಪೆಟ್ಟಿಗೆಯ ಚಿತ್ರ, ಸುತ್ತ ಪೆಟ್ಟಿಗೆಯನ್ನು ಗುಂಡಿಗಿಳಿಸುವ ಎಂಟು ಹಗ್ಗ, ಒಂದೊಂದಕ್ಕೂ ಅಂಕಿ, ಹಿಡಿಯಬೇಕಾದವರ ಹೆಸರು. ಎರಡರ ಪಕ್ಕ ನನ್ನ ಹೆಸರು. ಹ್ಯಾಡೋನ ಹೆಂಡತಿ ನೆಟ್ಟಾಳ ಕೈಬರಹ.

"ಅಯ್ಯೋ, ಎರಡನೇದಾ!" ಎಫಿ ಕೂತುಬಿಟ್ಟಳು. "ತಲೆ ಕಡೆ ಅವನ ತಮ್ಮನ ಮಗ, ಕಾಲ ಕಡೆ ನೀನು. ಮಕ್ಕಳಿಲ್ಲದ ಮನೇಲಿ ಮಗನ ಜಾಗ ಕೊಟ್ಟಿದ್ದಾಳೆ ಕಣೋ. ಆಗಲ್ಲ ಅನ್ನೋದಾದ್ರೆ ಈಗ್ಲೇ ಫೋನ್ ಮಾಡಿ ಮರ್ಯಾದೆಯಾಗಿ ಹೇಳು."

ಫೋನಿನಲ್ಲಿ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಅಲ್ಲೇ, ಗುಂಡಿಯ ಪಕ್ಕದಲ್ಲೇ ಹೇಳುತ್ತೇನೆ. ಹೆಸರು ಕೂಗಿದಾಗ ಕೈ ಜೇಬಿನಲ್ಲೇ ಇರುತ್ತದೆ. ಊರಿಗೆ ಊರೇ ನೋಡಲಿ. ಯಾಕೆ ಅಂತ ಕೇಳಲಿ. ಆಗ ಎಲ್ಲಾ ಹೇಳುತ್ತೇನೆ.

ಫೆಬ್ರವರಿ 13, ಬೆಳಗ್ಗೆ 8

ಇವತ್ತು ಹ್ಯಾಡೋನ ಮಣ್ಣು. ಹೇಳಬೇಕಾದ್ದನ್ನು ಕನ್ನಡಿ ಮುಂದೆ ಮೂರು ಸಲ ಹೇಳಿಕೊಂಡೆ. ತೊದಲಲಿಲ್ಲ. ಎಫಿ ಮಾತು ಬಿಟ್ಟಿದ್ದಾಳೆ. ಟೈ ಮಾತ್ರ ಕಟ್ಟಿಕೊಟ್ಟಳು.

ಮಧ್ಯಾಹ್ನ 3

ಮುಗಿಯಿತು. ಸ್ಮಶಾನದಲ್ಲಿ ಮುನ್ನೂರು ಜನ ಇದ್ದರು.

"ಎರಡು — ವಾಲ್ಟರ್ ಪರ್ಡಿ."

ಕೈ ಜೇಬಿನಲ್ಲಿ. ಮತ್ತೆ ಕೂಗಿದರು. ಪಾದ್ರಿ ಕೆಮ್ಮಿದ. ಆಗ ನೆಟ್ಟಾ, ಎಂಬತ್ತನಾಲ್ಕರ ಮುದುಕಿ, ಕೈಗೋಲನ್ನು ಹುಲ್ಲಿಗೆ ಹಾಕಿ ಬಂದು ನನ್ನ ಹಗ್ಗ ತಾನೇ ಎತ್ತಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ. ಪೆಟ್ಟಿಗೆ ಕಾಲ ಕಡೆ ವಾಲಿತು. ಅವಳು ಹಗ್ಗ ಬಿಡಲಿಲ್ಲ.

ಯಾಕೆ ಅಂತ ಒಬ್ಬನೂ ಕೇಳಲಿಲ್ಲ. ಒಬ್ಬನೂ! ಗೇಟಿನ ಹತ್ತಿರ ಕ್ಷೌರದಂಗಡಿಯ ಡೇವಿ ಮಾತ್ರ ನಕ್ಕ — "ಹಗ್ಗಕ್ಕೂ ಹೆದರ್ಕೊಂಡ್ಯಲ್ಲೋ ವಾಟಿ!"

ಜೇಬಿನಲ್ಲಿ ಕೈ ಇಟ್ಟುಕೊಂಡೇ ಮನೆಗೆ ಬಂದೆ.

ಫೆಬ್ರವರಿ 16, ಬೆಳಗ್ಗೆ 11

ನೆಟ್ಟಾ ಬಂದಿದ್ದಳು. ಎಫಿ ಗಡಿಬಿಡಿಯಲ್ಲಿ ಚಹಾ ಇಟ್ಟಳು.

"ಬೈಯೋಕೆ ಬಂದಿಲ್ಲ ವಾಟಿ. ಆ ಹಗ್ಗದ ಪಟ್ಟಿ ನಂದಲ್ಲ. ನಮ್ಮ ಯಜಮಾನ್ರದ್ದು. ಕ್ರಿಸ್‌ಮಸ್‌ಗೆ ಮುಂಚೇನೇ ನನ್ ಕೈಲಿ ಬರೆಸಿದ್ರು."

"ನಾನು ಹಿಡೀತೀನಿ ಅಂದ್ಕೊಂಡಿದ್ರಾ?"

"ಇಲ್ಲಪ್ಪ. 'ಅವನು ಹಿಡಿಯಲ್ಲ, ನೋಡ್ತಿರು' ಅಂದ್ರು. 'ನಾನು ಎಲ್ಲರೆದುರು ಅವನನ್ನ ಕೈಬಿಟ್ಟೆ, ಅವನೂ ಎಲ್ಲರೆದುರೇ ನನ್ನನ್ನ ಕೈಬಿಡ್ಲಿ. ಆಗ ಹಗ್ಗ ನೀನು ಹಿಡ್ಕೋ' ಅಂದ್ರು."

ಚಹಾ ಪೂರ್ತಿ ಕುಡಿದು ಹೋದಳು.

ಹಾಳಾದವನು! ಸತ್ತ ಮೇಲೂ ತಂಡ ಆರಿಸಿದವನು ಅವನೇ. ನಾನು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು — ಎಲ್ಲಾ ಅವನದೇ. ನನ್ನದು ಅಂತ ಇದ್ದದ್ದು ಒಂದು ಸೇಡು. ಅದನ್ನೂ ಅವನೇ ಬರೆದುಕೊಟ್ಟ. ಮೈ ಉರಿಯುತ್ತಿದೆ.

ಫೆಬ್ರವರಿ 17, ಶನಿವಾರ

ಮ್ಯಾಚ್ ಇತ್ತು. ಹೋಗಲಿಲ್ಲ. ಸ್ಮಶಾನಕ್ಕೆ ಹೋದೆ. ಮಣ್ಣು ಇನ್ನೂ ಹಸಿ. ಕಲ್ಲಿಲ್ಲ.

"ನಾನು ಹೆದರಿರಲಿಲ್ಲ ಕಣೋ," ಅಂದೆ. ಜೋರಾಗಿಯೇ. ಟೋಪಿ ತೆಗೆದೆ. ಹಾಕಿಕೊಂಡೆ. ಅಳುವೋ ಸಿಟ್ಟೋ ಗೊತ್ತಾಗಲಿಲ್ಲ.

ಹ್ಯಾಡೋ, ಬದುಕಿದ್ದಾಗ ಒಂದೇ ಒಂದು ಸಲ ನನ್ನ ಬಾಗಿಲಿಗೆ ಬಂದು ತಪ್ಪಾಯಿತು ಅಂದಿದ್ದರೆ, ಆ ಹಗ್ಗವನ್ನು ನಾನು ಹಿಡಿಯುತ್ತಿದ್ದೆ ಕಣೋ.