ಠಾಣೆಯ ಕುರ್ಚಿ

ಕೈರೋ, ೪ ಫೆಬ್ರವರಿ ೧೯೫೭, ಸೋಮವಾರ
ತಿಂಡಿಗೆ ಮತ್ತೆ ಆರಿದ ಫೂಲ್ ಕಾಳು, ಮತ್ತೆ ತುಂಬಿದ ಟ್ರಾಮ್. ಕಾಲೇಜಿನಲ್ಲಿ ಡಿಬೇಟ್: ಹೆಂಗಸಿಗೆ ವೋಟೂ ಕೆಲಸವೂ ಬೇಕೆ? ತುಂಬಾ ನರ್ವಸ್. ಆದರೂ ಬೇಕು ಅಂತ ಮಾತಾಡಿದೆ. ಕೊನೆಗೆ ಕ್ಲಾಸಿನ ಲುತ್ಫಿ ಎದ್ದ. "ಹೆಂಗಸರಿಗೂ ವೋಟು ಅಂತ ಕಾನೂನು ಬಂದು ವರ್ಷ ಆಗ್ತಾ ಬಂತು. ನಿನ್ನ ವೋಟಿನ ಕಾರ್ಡ್ ಎಲ್ಲಿ, ಮೇಡಂ?" ಎಲ್ಲರೂ ನಕ್ಕರು.
ಕಾರ್ಡ್ ಇಲ್ಲ. ಗಂಡಸರ ಹೆಸರು ತಾನಾಗಿಯೇ ಪಟ್ಟಿಗೆ ಸೇರುತ್ತದೆ. ಹೆಂಗಸು ಹೋಗಿ ಕೇಳಬೇಕು, ಅದೂ ಪೊಲೀಸ್ ಠಾಣೆಗೆ. ತಂದು ತೋರಿಸ್ತೀನಿ ಅಂದುಬಿಟ್ಟೆ. ಸ್ಟುಪಿಡ್...

೫, ಸಂಜೆ
ಅಮ್ಮ ಕಾರ್ಖಾನೆಯಿಂದ ಬಂದು ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದಳು. ದಿನವಿಡೀ ನಿಂತು ಶರ್ಟುಗಳಿಗೆ ಇಸ್ತ್ರಿ. ನಾನು ಹಕ್ಕು, ಕಾರ್ಡ್, ಠಾಣೆ ಅಂತ ಶುರುಮಾಡಿದೆ.
"ದುಡಿಯೋ ಹಕ್ಕಿಗೆ ಯಾರೂ ಡಿಬೇಟ್ ಮಾಡ್ಲಿಲ್ಲ ಕಣೇ. ನಿಮ್ಮಪ್ಪ ಹೋದ್ರು, ಅದು ಬಂತು. ಕೂತ್ಕೊಳ್ಳೋ ಹಕ್ಕಿದ್ರೆ ಕೊಡಿಸು."
ಪೇಪರಿನ ಹಿಂದಿನಿಂದ ಅಣ್ಣ ವಜ್ದಿ: "ಠಾಣೆ ಮೆಟ್ಟಿಲು ಹತ್ತಿದವಳನ್ನ ಯಾರು ಮದ್ವೆ ಆಗ್ತಾರೆ? ನಿಮ್ಮಿಬ್ಬರ ವೋಟೂ ಸೇರಿಸಿ ನಾನೇ ಹಾಕ್ತೀನಿ ಬಿಡು."

೭
ವಜ್ದಿಯ ಆ ಮಾತು ಕೇಳಿ ಅಮ್ಮನೇ ನನ್ನ ಜೊತೆ ಠಾಣೆಗೆ ಹೊರಟಳು. ಠಾಣೆಯ ಎದುರಿನ ಕಾಫಿ ಅಂಗಡಿಯಲ್ಲಿ ಓಣಿಯ ಗಂಡಸರೆಲ್ಲ. ಸ್ಕೂಲಿಡೀ ಹುಡುಗಿಯರ ಹಾಸ್ಟೆಲಿನಲ್ಲಿ ಬೆಳೆದವಳು ನಾನು, ಇಷ್ಟು ಕಣ್ಣು ಅಭ್ಯಾಸವಿಲ್ಲ. ಠಾಣೆ ಬಿಟ್ಟು ಸೀದಾ ಸಂತೆಗೆ ನಡೆದುಬಿಟ್ಟೆ, ಅಮ್ಮ ಹಿಂದೆ. ಈರುಳ್ಳಿ ಕೊಂಡು ವಾಪಸ್. ನಿನ್ನೆ ಹೊರಟಾಗಲೂ ಈರುಳ್ಳಿಯೇ.

೯
ಒಳಗೆ ಹೋದೆವು. ಅಧಿಕಾರಿ ಎದ್ದು ಕುರ್ಚಿ ಎಳೆದ. "ಕೂತ್ಕೊಳ್ಳಿ ತಾಯಿ. ಮಗ ಏನು ಮಾಡ್ದ?"
ಅಮ್ಮ ಕೂತು ಕಣ್ಣು ಮುಚ್ಚಿದಳು. "ಮಗ ಏನೂ ಮಾಡಿಲ್ಲ. ವೋಟಿಗೆ ನಮ್ಮಿಬ್ಬರ ಹೆಸರು ಬರ್ಕೊಳ್ಳಿ."
"ಅದಕ್ಕಾದ್ರೆ ಆ ಕಡೆ ನಿಂತ್ಕೋಬೇಕು."
ಅಮ್ಮ ಏಳಲಿಲ್ಲ. "ಕಳ್ಳನ ತಾಯಿ ಅಂದ್ಕೊಂಡೇ ಬರ್ಕೊಳ್ಳಿ."
ಬರೆದುಕೊಂಡ.

೧೦
ನಾವು ಠಾಣೆಗೆ ಹೋದದ್ದು ಕಂಡು, ವಜ್ದಿ ಅರೆಸ್ಟಾಗಿದ್ದಾನೆಂದು ಓಣಿಯೆಲ್ಲ ಸುದ್ದಿ. ಅವನಿಗೆ ಗೊತ್ತುಮಾಡಿದ ಹುಡುಗಿಯ ಅಪ್ಪನೇ ಬಂದು, ಅವನು ಮನೆಯಲ್ಲಿರುವುದನ್ನು ನೋಡಿಹೋದ. ವಜ್ದಿ ನಮ್ಮೊಡನೆ ಮಾತು ಬಿಟ್ಟಿದ್ದಾನೆ. ಪಕ್ಕದ ಮನೆಯ ಉಮ್ ರಿಫ್ಕಿ ಬೇಳೆ ಸಾರು ತಂದಳು. "ತುಂಬಾ ಹೊಡೆದ್ರಾ ಹುಡುಗನಿಗೆ?" ಅಮ್ಮ ಈರುಳ್ಳಿಯಿಂದ ಹಿಡಿದು ನಡೆದದ್ದೆಲ್ಲ ಹೇಳಿದಳು. ಅವಳು ಪಾತ್ರೆ ಕೆಳಗಿಟ್ಟಳು. ಆಮೇಲೆ, ಮೆಲ್ಲಗೆ: "ಒಳಗೆ ಯಾರೂ ಏನೂ ಅನ್ಲಿಲ್ವಾ?"

೧೮
ಕಾರ್ಡ್ ಬಂತು. ಲುತ್ಫಿ ತಿರುಗಿಸಿ ತಿರುಗಿಸಿ ನೋಡಿದ. "ಸರಿ, ಯಾರಿಗೆ ಹಾಕ್ತೀಯಾ? ಅಣ್ಣನ್ನ ಕೇಳಿದ್ಯಾ?" ಕಾರ್ಡ್ ಕಿತ್ತುಕೊಂಡು ಬ್ಯಾಗಿಗೆ ಹಾಕಿದೆ.
ಮನೆಗೆ ಬಂದರೆ ಬಾಗಿಲಲ್ಲಿ ಉಮ್ ರಿಫ್ಕಿ, ಕೈಯಲ್ಲಿ ಖಾಲಿ ಚೀಲ. ಈರುಳ್ಳಿ ತರಬೇಕಂತೆ, ಅಮ್ಮ ಜೊತೆಗೆ ಬರಬೇಕಂತೆ. ಅಮ್ಮ ನೀರಿಂದ ಕಾಲು ತೆಗೆದಳು, ಒರೆಸದೆಯೇ ಚಪ್ಪಲಿ ಮೆಟ್ಟಿದಳು. "ಠಾಣೇಲಿ ಇರೋದು ಒಂದೇ ಕುರ್ಚಿ. ಕೂತ ಮೇಲೆ ಮಾತ್ರ ಏಳ್ಬೇಡ."