ಹತ್ತು ದಿನ ಹೊರಗೆ

ಸ್ಪ್ಲಿಟ್, ಜೂನ್ 21, ಬೆಳಿಗ್ಗೆ

ನನ್ನ ಲೊವ್ರೆ,

ಬೆನ್ನುನೋವು ಹೇಗಿದೆ? ಎಂಜಿನ್ ಕೋಣೆಯಿಂದ ಬೆವರಿಕೊಂಡು ಹಾಗೇ ಡೆಕ್ಕಿನ ಗಾಳಿಗೆ ಹೋಗಬೇಡ, ನಿನ್ನಪ್ಪ ಎದೆ ಕೆಡಿಸಿಕೊಂಡದ್ದು ಹಾಗೆಯೇ. ಹಡಗಿನ ಅಡುಗೆಯವನು ಸೊಪ್ಪುಗಿಪ್ಪು ಹಾಕುತ್ತಾನೋ, ಬರೀ ಮಾಂಸವೋ? ನನ್ನ ಮಂಡಿ ಮೊದಲಿನ ಹಾಗೇ ಇದೆ. ಫೋನಿನಲ್ಲಾದರೆ ನಾನು ಅಳುತ್ತೇನೆ, ನೀನು "ಅಮ್ಮಾ, ಸಿಗ್ನಲ್ ಹೋಯ್ತು" ಅನ್ನುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ. ಲಾಸ್ ಪಾಲ್ಮಾಸಿನಲ್ಲಿರುವ ನಿನ್ನ ಹಡಗಿನ ಏಜೆಂಟರ ವಿಳಾಸಕ್ಕೆ ಹಾಕುತ್ತಿದ್ದೇನೆ. ತಲೆ ಕೆಡಿಸುವ ಯೂಗೊ ಗಾಳಿ ಬೀಸುವಾಗ ಆಡಿದ್ದನ್ನೂ ಬರೆದದ್ದನ್ನೂ ನಂಬಬಾರದು ಅಂತ ನಮ್ಮಲ್ಲಿ ಹೇಳುವುದುಂಟಲ್ಲ, ಅದಕ್ಕೇ ಮೂರು ದಿನ ಕಾದೆ. ಇವತ್ತು ಎಲೆ ಅಲುಗುತ್ತಿಲ್ಲ, ತಲೆ ನೆಟ್ಟಗಿದೆ. ನೀನು ನನಗೆ ಮೋಸ ಮಾಡಿದೆ, ಮಗನೇ.

ಜೂನ್ ಒಂದರಂದು ವಿಸ್ ದ್ವೀಪಕ್ಕೆ ಟಿಕೆಟ್ ತಂದುಕೊಟ್ಟವನು ನೀನು. "ಫ್ರಾನಿಕಾ ಚಿಕ್ಕಮ್ಮನ ಹತ್ರ ಹತ್ತು ದಿನ ಇದ್ದು ಬಾ, ಮಂಡಿಗೆ ಸಮುದ್ರದ ಗಾಳಿ ಒಳ್ಳೇದು" ಅಂದೆ. ಪಕ್ಕದ ಮನೆಯ ಶ್ಪಿರೊ ಅಲ್ಲೇ ಮೆಟ್ಟಿಲ ಮೇಲೆ ನಕ್ಕ: "ಅಲ್ಲ ಡಿಂಕಾ, ನಮ್ ಬಾಲ್ಕನಿಯಿಂದ ಕಾಣೋದೇನು, ಕೆರೆನಾ?" ನನಗೆ ಅವನ ಮೇಲೆ ಸಿಟ್ಟು ಬಂತು, ನಿನ್ನ ಮೇಲೆ ಅನುಮಾನ ಬರಲಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಹಣೆಗೆ ಮುತ್ತು ಕೊಟ್ಟು ಇಳಿದೆಯಲ್ಲ, ದಾರಿಯುದ್ದಕ್ಕೂ ಪಕ್ಕದ ಹೆಂಗಸಿಗೆ ನಿನ್ನನ್ನೇ ಹೊಗಳಿದೆ. ಇಂಥ ಮಗ ಯಾರಿಗಿದ್ದಾನೆ ಅಂತ. ಅಯ್ಯೋ ನನ್ನ ಮೂಢತನವೇ!

ಹನ್ನೊಂದರಂದು ವಾಪಸ್ಸು ಬಂದು ಬೆಲ್ ಒತ್ತಿದರೆ ನನ್ನ ಏಪ್ರನ್ ಕಟ್ಟಿಕೊಂಡ ಒಬ್ಬಳು ಬಾಗಿಲು ತೆಗೆದಳು. ಮಹಡಿ ತಪ್ಪಿತೇನೋ ಅಂದುಕೊಂಡೆ. "ಬನ್ನಿ ಅತ್ತೆ, ನಾನು ರೆನಾತಾ, ಬನ್ನಿ, ಕೂತ್ಕೊಳ್ಳಿ" ಅಂದಳು. ಅತ್ತೆ! ಪಾತ್ರೆಯ ಬೀರು ನಡುಮನೆಗೆ ಬಂದಿತ್ತು, ಊಟದ ಮೇಜು ಕಿಟಕಿಯ ಹತ್ತಿರ, ನಿನ್ನಪ್ಪನ ಫೋಟೋ ಇನ್ನೊಂದು ಗೋಡೆಯಲ್ಲಿ, ನನ್ನ ಮಂಚ ಚಿಕ್ಕ ಕೋಣೆಯಲ್ಲಿ. ನಲವತ್ತೊಂದು ವರ್ಷ ಬಾಳಿದ ಮನೆಯಲ್ಲಿ ನಾನು ಕುರ್ಚಿಯ ತುದಿಯಲ್ಲಿ ಕೂತೆ, ಕೈಚೀಲ ತೊಡೆಯ ಮೇಲೆ. ಕಾಫಿ ಕೊಟ್ಟಳು. ಸಕ್ಕರೆ ಎಲ್ಲಿಟ್ಟಿದ್ದೀರಿ ಅಂತ ನಾನೇ ಅವಳನ್ನು ಕೇಳಿದೆ, ಲೊವ್ರೆ. ಆಮೇಲೆ ಬಚ್ಚಲಿಗೆ ಹೋಗಬಹುದಾ ಅಂತಲೂ ಕೇಳಿದೆ.

ಬಚ್ಚಲಿನಲ್ಲಿ ಏನಿತ್ತು? ನೀಲಿ ಪ್ಲಾಸ್ಟಿಕ್ ಟಬ್ಬು, ಗುಳುಗುಳು ಅನ್ನುವ ಗಾಳಿಯ ಕೊಳವೆ, ಒಳಗೆ ನಮ್ಮ ಕಪ್ತಾನ. ಆ ಹಳದಿ ಮೀನನ್ನು ನೋಡಿದ ಕೂಡಲೇ ನನಗೆ ಎಲ್ಲಾ ಹೊಳೆಯಿತು. ಮೂರು ವರ್ಷದ ಹಿಂದೆ ನೀನು ಕಿತ್ತಳೆ ಪಟ್ಟೆಯ ಜೋಡಿ ಮೀನು ತಂದಾಗ ಇವನು ಬಾಲದ ಬುಡದ ಚೂರಿಯಂಥ ಮುಳ್ಳು ಎತ್ತಿಕೊಂಡು ಅವುಗಳ ರೆಕ್ಕೆ ಹರಿದಿದ್ದ. ಸಮುದ್ರದ ನೀರಿನ ತೊಟ್ಟಿಯಲ್ಲಿ ಮೊದಲು ಬಂದವನೇ ಯಜಮಾನ, ಕಲ್ಲಿನ ಒಂದೊಂದು ಸಂದಿಯೂ ಅವನದೇ. ಆಗ ನೀನು ಏನಂದೆ? "ಹೊಸಬರನ್ನ ತೂತಿರೋ ಗಾಜಿನ ಡಬ್ಬಿಲಿ ಇಡಬೇಕಮ್ಮಾ, ಒಬ್ಬರನ್ನೊಬ್ಬರು ನೋಡ್ತಾರೆ, ಕಚ್ಚೋಕಾಗಲ್ಲ. ಹಳಬನನ್ನ ಹತ್ತು ದಿನ ಹೊರಗಿಟ್ಟು, ಅಷ್ಟರಲ್ಲಿ ಕಲ್ಲೆಲ್ಲ ಜಾಗ ಬದಲಾಯಿಸಬೇಕು. ಕೊನೇಲಿ ಅವನನ್ನ ಬಿಟ್ರೆ ತನ್ನ ಮನೇಲಿ ತಾನೇ ನೆಂಟ ಅಂದ್ಕೊಂಡು ತೆಪ್ಪಗಿರ್ತಾನೆ." ಪಾಪ ಕಣೋ ಅಂತ ನಾನಂದದ್ದಕ್ಕೆ ನೀನು ನಕ್ಕೆ. ಆವತ್ತು ಬಲೆ ಹಿಡಿದವಳು ನಾನೇ.

ಹೊರಗೆ ಬಂದು ತೊಟ್ಟಿಯ ಗಾಜಿಗೆ ಅಂಟಿಸಿದ್ದ ಚೀಟಿ ಕಿತ್ತು ಓದಿದೆ. ನಿನ್ನದೇ ಅಕ್ಷರ. ಮುಂದೆ ಉಪ್ಪಿನ ಅಳತೆ, ನೇರಳೆ ಬಣ್ಣದ ಹೊಸ ಮೀನು ಡಬ್ಬಿಯಲ್ಲಿ ಎಷ್ಟು ದಿನ, ಕಪ್ತಾನನನ್ನು ಬಿಡುವುದು ಹನ್ನೊಂದಕ್ಕೆ. ಹಿಂದೆ: ಬೀರು ನಡುಮನೆಗೆ, ಅಮ್ಮನ ಮಂಚ ಚಿಕ್ಕ ಕೋಣೆಗೆ, ಅಮ್ಮ ಬರುವುದು ಹನ್ನೊಂದಕ್ಕೆ. ಒಂದೇ ಚೀಟಿ, ಒಂದೇ ತಾರೀಕು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ಎತ್ತಿಟ್ಟು, ನಾನು ಬರುವ ಎರಡು ದಿನ ಮುಂಚೆ ಹಡಗು ಹತ್ತಿ ಹೋಗಿದ್ದೀಯ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಉಪ್ಪನ್ನೇನೋ ನೀನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಿದ್ದೆ.

ಚೀಟಿ ತಿರುಗಿಸಿ ಅವಳ ಮುಖಕ್ಕೆ ಹಿಡಿದೆ. ಪಾಪ, ರೆನಾತಾ ಸುಣ್ಣದ ಹಾಗೆ ಬಿಳಿಚಿಕೊಂಡಳು. "ನಿಮಗೆ ಎಲ್ಲಾ ಗೊತ್ತು ಅಂತ ನಿಮ್ಮ ಮಗ ಅಂದ್ರಲ್ಲ ಅತ್ತೆ! ಏಪ್ರಿಲ್‌ನಲ್ಲಿ ರಿಯೆಕಾದಲ್ಲಿ ಆದ ನಮ್ಮ ರಿಜಿಸ್ಟರ್ ಮದುವೆಗೆ ನೀವು ಮಂಡಿ ನೋವು ಅಂತ ಬರಲಿಲ್ಲ ಅಂದ್ರು. ಚಿಕ್ಕ ಕೋಣೆ ನೀವೇ ಕೇಳಿದ್ರಿ ಅಂದ್ರು!" ಅಂತ ತೊಟ್ಟಿಯ ಪಕ್ಕ ನೆಲದ ಮೇಲೇ ಕೂತು ಅಳತೊಡಗಿದಳು. ಕೈಚೀಲದಿಂದ ಕರವಸ್ತ್ರ ತೆಗೆದುಕೊಟ್ಟೆ. ಅವಳ ಕಣ್ಣಿಗೂ ನೀನೇ ಮಣ್ಣೆರಚಿದ್ದೆ.

ಆ ಸಂಜೆ ನಾವಿಬ್ಬರೂ ಸೇರಿ ಕಪ್ತಾನನನ್ನು ತೊಟ್ಟಿಗೆ ಬಿಟ್ಟೆವು. ನೀನು ಹೇಳಿದ್ದು ಸುಳ್ಳಲ್ಲ, ಅವನು ಯಾರನ್ನೂ ಕಚ್ಚಲಿಲ್ಲ. ಫಿಲ್ಟರಿನ ಹಿಂದಿನ ಮೂಲೆ ಸೇರಿದವನು ಅಲ್ಲಿಂದ ಕದಲಲೇ ಇಲ್ಲ. ಬಣ್ಣ ಕೆಟ್ಟ ನಿಂಬೆಹಣ್ಣಿನಂತಾಯಿತು. ಮೂರು ದಿನ ಒಂದೆಳೆ ಪಾಚಿ ಮುಟ್ಟಲಿಲ್ಲ. ನಾನೂ ಚಿಕ್ಕ ಕೋಣೆಯಿಂದ ಹೊರಗೆ ಬರಲಿಲ್ಲ, ಅವಳು ಬಾಗಿಲಲ್ಲಿ ಇಟ್ಟ ಸೊಪ್ಪು ಆಲೂಗಡ್ಡೆ ಹಾಗೇ ಆರಿತು. ಇದನ್ನು ನೀನು ತೆಪ್ಪಗಿರುವುದು ಅನ್ನುತ್ತೀಯ. ನಾಲ್ಕನೆಯ ದಿನ ರೆನಾತಾ ತೋಳು ಮಡಚಿಕೊಂಡು ಬಂದಳು: "ಏಳಿ ಅತ್ತೆ, ಇವನು ಸಾಯ್ತಾನೆ. ಮೊದಲು ಕಲ್ಲು ಹೇಗಿತ್ತು ಹೇಳಿ, ಹಾಗೇ ಇಡೋಣ." ಅವನ ಕಮಾನು ಕಲ್ಲನ್ನು ಎಡಕ್ಕೆ ಇಟ್ಟೆವು. ನೇರಳೆ ಮೀನಿಗೆ ಬಲಗಡೆ ಬೇರೆ ಕಲ್ಲು ಪೇರಿಸಿ ಇನ್ನೊಂದು ಮನೆ ಮಾಡಿದೆವು. ಪಾಚಿಯ ಹಾಳೆ ಎರಡೂ ಕಡೆ ಒಂದೊಂದು. ಸಂಜೆಗೆ ಕಪ್ತಾನ ಬಂದು ತಿಂದ. ತಿಂದವನೇ ಬಾಲ ಎತ್ತಿ ಡಬ್ಬಿಯಲ್ಲಿದ್ದವನನ್ನು ಹೆದರಿಸಿದ! ನಾನು ಚಪ್ಪಾಳೆ ತಟ್ಟಿದೆ. ಈಗ ಡಬ್ಬಿ ತೆಗೆದು ಮೂರು ದಿನವಾಯಿತು. ದಿನಕ್ಕೆರಡು ಸಲ ಬಾಲ ಬೀಸುತ್ತಾರೆ, ಆಮೇಲೆ ಅವರವರ ಕಲ್ಲಿಗೆ ಹೋಗುತ್ತಾರೆ. ಅಡುಗೆಮನೆಯಲ್ಲಿ ನಾವೂ ಹಾಗೇ.

ನೀನು ಮದುವೆಯಾದದ್ದಕ್ಕೆ ನನಗೆ ಸಿಟ್ಟಿಲ್ಲ. ಹುಡುಗಿ ಗಟ್ಟಿಗಿತ್ತಿ, ಉಪ್ಪು ಮಾತ್ರ ಜಾಸ್ತಿ ಹಾಕುತ್ತಾಳೆ. "ಅಮ್ಮಾ, ನಿನ್ನ ಕೋಣೆ ಬಿಟ್ಟುಕೊಡ್ತೀಯಾ?" ಅಂತ ಕೇಳಿದ್ದರೆ ಎರಡು ದಿನ ಕೂಗಾಡಿ ಮೂರನೆಯ ದಿನ ನಾನೇ ಹಾಸಿಗೆ ಹಾಸಿಕೊಡುತ್ತಿದ್ದೆ. ಮೀನಿಗೆ ಮಾತು ಬರುವುದಿಲ್ಲ, ಅದಕ್ಕೆ ಟಬ್ಬು ಬೇಕು, ಉಪಾಯ ಬೇಕು. ನನಗೆ ಬಾಯಿದೆಯಲ್ಲೋ. ಹೆತ್ತವಳ ಹತ್ತಿರ ಒಂದು ಮಾತು ಕೇಳುವುದಕ್ಕೆ ನಿನಗೆ ಏನು ಧಾಡಿಯಾಗಿತ್ತು?

ಸಮುದ್ರ ನಿನ್ನನ್ನು ಕಾಯಲಿ. ಮಾತೆ ಮರಿಯಾ ನಿನ್ನ ಬೆನ್ನಿಗಿರಲಿ. ರಾತ್ರಿ ಪಾಳಿಯಲ್ಲಿ ಬನಿಯನ್ ಹಾಕಿಕೊ.

ಇಂತಿ,
ನಿನ್ನ ಅಮ್ಮ ಡಿಂಕಾ

ಮರೆತೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನನ್ನ ಮಂಚ ನನ್ನ ಕೋಣೆಗೆ ವಾಪಸ್ಸು ಬಂದಿದೆ, ಚಿಕ್ಕ ಕೋಣೆ ರೆನಾತಾಳದು. ಅಕ್ಟೋಬರ್ ತಿಂಗಳಲ್ಲಿ ನೀನು ಬಂದಾಗ ಗಾಜು ಹಾಕಿಸಿದ ಬಾಲ್ಕನಿಯಲ್ಲಿ, ಉಪ್ಪಿಗೆ ಹಾಕಿದ ಎಲೆಕೋಸಿನ ಪೀಪಾಯಿಯ ಪಕ್ಕ, ನಿನ್ನ ದಿವಾನ್ ಮಂಚ ಇಟ್ಟಿರುತ್ತೇವೆ. ಚಿಲಕ ನಮ್ಮ ಕಡೆಯಿಂದ. ಊಟ ಎರಡು ಹೊತ್ತು. ನೀನು ನಮ್ಮನ್ನು ನೋಡಬಹುದು, ನಾವು ನಿನ್ನನ್ನು ನೋಡುತ್ತೇವೆ. ರೆನಾತಾ ಐದು ದಿನ ಸಾಕು ಅಂದಳು. ನಾನು ಹತ್ತು ಅಂದೆ.