ಹೆತ್ತವಳನ್ನು ಯಾರು ಕೇಳಿದರು

ಮಣ್ಣಿನಡಿ ಮಲಗಿಬಿಟ್ಟರೆ ನನ್ನಿಂದ ತಪ್ಪಿಸಿಕೊಂಡ ಹಾಗೆ ಎಂದುಕೊಂಡೆಯಾ, ಮೊಂಡಿ? ಎದ್ದು ಕೂತು ಓದು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ಮೂಗು ಮುರಿಯಬೇಡ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನೀನೊಂದು ತುದಿ, ನಾನೊಂದು ತುದಿ ಹಿಡಿದು ಹೊದಿಕೆ ಮಡಚುವಾಗ ಹುಟ್ಟಿದ ಜಗಳ ಇದು. ದೇವರು ಕೇಳಿದನೆಂದು ಅಬ್ರಹಾಮ ಬಲಿಗೆ ಕರೆದೊಯ್ದದ್ದು ಮಗ ಇಸಾಕನನ್ನು ಎಂದೆ ನಾನು. "ನಮ್ಮ ಇಬ್ರಾಹಿಮರು ಕರ್ಕೊಂಡು ಹೋಗಿದ್ದು ಇಸ್ಮಾಯಿಲನ್ನ ಕಣೇ" ಎಂದೆ ನೀನು.

"ಹಾಗಾದ್ರೆ ನಮ್ಮ ಪುಸ್ತಕ ಸುಳ್ಳಾ?"

"ನಮ್ಮದು ಸುಳ್ಳು ಅಂತ ನೀನು ಅಂದ್ಯಲ್ಲ" ಎಂದು ಕೈಲಿದ್ದ ತುದಿ ಬಿಟ್ಟು ಇಸ್ತ್ರಿ ಕೋಣೆಗೆ ಹೋದವಳು ಮತ್ತೆ ತಿರುಗಿ ನೋಡಲಿಲ್ಲ. ಕಾಯಿಲೆ ಬಿದ್ದಾಗಲೂ ಹೇಳಿ ಕಳಿಸಲಿಲ್ಲ. ನನಗೇನು, ಹೊದಿಕೆಯನ್ನು ಗಲ್ಲದಡಿ ಸಿಕ್ಕಿಸಿಕೊಂಡು ಒಬ್ಬಳೇ ಮಡಚುತ್ತೇನೆ. ಸೊಟ್ಟ ಬರುತ್ತದೆ, ಬರಲಿ.

ಇವತ್ತು ಪ್ರಾರ್ಥನೆಯಲ್ಲಿ ಪಾದ್ರಿ ಅದೇ ಕಥೆ ಹೇಳಿದರು. ನಾನು ಎದ್ದು ನಿಂತು, "ಫಾದರ್, ಬೆಳಿಗ್ಗೆ ಮಗನನ್ನ ಕರ್ಕೊಂಡು ಹೊರಟಾಗ ಅವನಮ್ಮನಿಗೆ ಹೇಳಿದ್ನಾ?" ಎಂದು ಕೇಳಿದೆ.

"ಅದು ಬರೆದಿಲ್ಲ ಅಜ್ಜಿ, ಕೂತ್ಕೊಳ್ಳಿ."

ಹಿಂದಿನ ಸಾಲಿನವರು ನಕ್ಕರು. ನನಗೆ ಮೈ ಉರಿದುಹೋಯಿತು. ಹೆತ್ತವಳ ಒಂದು ಮಾತು ಬರೆಯಲು ಜಾಗ ಸಾಲಲಿಲ್ಲವೇನು? ಮಕ್ಕಳನ್ನು ಹೆತ್ತ ನಾವಿಬ್ಬರೂ ಯಾವ ಹುಡುಗ ಎಂದು ಕಚ್ಚಾಡಿದೆವಲ್ಲ, ಇಸಾಕನ ತಾಯಿ ಸಾರಳನ್ನಾಗಲಿ ಇಸ್ಮಾಯಿಲನ ತಾಯಿ ನಿಮ್ಮ ಹಾಜರಾಳನ್ನಾಗಲಿ ಯಾರಾದರೂ ಕೇಳಿದರಾ ಎಂದು ನಮಗೂ ಹೊಳೆಯಲಿಲ್ಲ.

ನಿಮ್ಮ ಕಡೆ ಆ ತಾಯಿಗೆ ಹೇಳಿ ಹೋದರೋ, ಹೇಳದೆ ಹೋದರೋ? ಇದನ್ನು ಕೇಳಲು ನನಗೆ ಬೇರೆ ಯಾರಿದ್ದಾರೆ? ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ. ನೆಪ ಹೇಳಬೇಡ.